ಬ್ರೆಡ್ ತರುವ ಚೀಲ

ತಿಪಟೂರಿನಲ್ಲಿ ಪೇಂಟ್ ಅಂಗಡಿ ಇಟ್ಟುಕೊಂಡಿದ್ದ ಯತೀಶನಿಗೆ ಒಂದೇ ಒಂದು ಚಟ... ಕಂಡದ್ದಕ್ಕೆಲ್ಲ ಲೆಕ್ಕ ಹಾಕುವುದು.

ಒಂದು ಬೆಳಿಗ್ಗೆ ಟೀಯಲ್ಲಿ ಬ್ರೆಡ್ ಅದ್ದಿಕೊಂಡು ತಿನ್ನುತ್ತಿದ್ದವನು, ಈಗ ಬ್ರೆಡ್ಡಿಗೆ ಎಷ್ಟು ಎಂದು ಅಮ್ಮನನ್ನು ಕೇಳಿದ. ಅಮ್ಮ ಹೇಳಿದ ಬೆಲೆ ಕೇಳಿ ಅವನ ಟೀ ಅಲ್ಲೇ ಆರಿಹೋಯಿತು.

ಮೈದಾಕ್ಕೆ ಎಷ್ಟು, ಯೀಸ್ಟಿಗೆ ಎಷ್ಟು, ಕರೆಂಟಿಗೆ ಎಷ್ಟು ಎಂದು ಮೊಬೈಲಿನಲ್ಲಿ ಒತ್ತಿ ಒತ್ತಿ ನೋಡಿದ. ಮನೆಯಲ್ಲೇ ಮಾಡಿದರೆ ಅರ್ಧಕ್ಕರ್ಧ ಉಳಿತಾಯ...

ಆ ವಾರವೇ ಮನೆಗೆ ಓವನ್ ಬಂತು. ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿದಿರಾ ಎಂದು ಹೆಂಡತಿ ವನಜಾಕ್ಷಿ ಕೇಳಿದಳು. ಅದು ಖರ್ಚಲ್ಲ, ಬಂಡವಾಳ ಎಂದು ಯತೀಶ ಮಾತು ಮುಗಿಸಿದ.

ದಿನಾ ಸಂಜೆ ಬಟ್ಟೆಯ ಚೀಲ ಹಿಡಿದು ಬೇಕರಿಗೆ ಹೋಗಿ ಬ್ರೆಡ್ ತರುತ್ತಿದ್ದವರು ಅವನ ತಾಯಿ ಸಿದ್ದಗಂಗಮ್ಮನವರು. ವಯಸ್ಸಾಗಿತ್ತು, ಮಂಡಿ ನೋವು ಬೇರೆ.

"ಇನ್ನು ಮೇಲೆ ನೀನು ಬೇಕರಿಗೆ ನಡೆಯೋದು ಬೇಡಮ್ಮ... ಆರಾಮಾಗಿ ಮನೇಲಿರು," ಎಂದ ಮಗ.

ಸಿದ್ದಗಂಗಮ್ಮನವರು ಹೂಂ ಎಂದು ಚೀಲವನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದರು.

ಯತೀಶ ಬ್ರೆಡ್ ಹಿಟ್ಟನ್ನೂ ದೋಸೆ ಹಿಟ್ಟಿನಂತೆಯೇ ಎಂದುಕೊಂಡ. ಕಲಸಿ, ಮುಚ್ಚಳ ಹಾಕಿ, ರಾತ್ರಿಯಿಡೀ ಒಲೆಯ ಪಕ್ಕ ಬಿಟ್ಟ.

ಬೆಳಿಗ್ಗೆ ನೋಡಿದರೆ ಮುಚ್ಚಳ ಎಲ್ಲೋ, ಹಿಟ್ಟು ಎಲ್ಲೋ... ಪಾತ್ರೆಯಿಂದ ಇಳಿದು ಕಟ್ಟೆಯ ತುಂಬ ಹರಡಿಕೊಂಡು, ಹುಳಿ ವಾಸನೆ ಹೊಡೆಯುತ್ತಿತ್ತು. ಸಿದ್ದಗಂಗಮ್ಮನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡನೆಯ ಸಲದ್ದು ಬೆಂದಿತು. ಆದರೆ ಅದರಲ್ಲಿ ತೆಂಗಿನಕಾಯಿ ಒಡೆಯಬಹುದು ಎಂದಳು ವನಜಾಕ್ಷಿ.

ಯತೀಶ ಬಿಡುವ ಆಸಾಮಿಯಲ್ಲ. ಮಾಡುತ್ತಾ ಮಾಡುತ್ತಾ ಕೈ ಹದಕ್ಕೆ ಬಂತು. ಒಂದು ದಿನ ನಿಜಕ್ಕೂ ಹತ್ತಿಯಂಥ ಬ್ರೆಡ್ ಓವನ್ನಿನಿಂದ ಹೊರಬಂತು. ಖರ್ಚೂ ಅವನು ಹೇಳಿದಷ್ಟೇ ಆಗಿತ್ತು!

ಅಂಗಡಿಗೆ ಪೇಂಟ್ ಕೊಳ್ಳಲು ಬಂದವರೆಲ್ಲ ಈ ಕಥೆ ಕೇಳಿಯೇ ಹೋಗಬೇಕಾಯಿತು.

ಆದರೆ ಒಂದು ವಿಷಯ ಅವನನ್ನು ಕೊರೆಯತೊಡಗಿತು... ಅಮ್ಮ ನಗುವುದು ಕಡಿಮೆಯಾಗಿತ್ತು.

ಸಂಜೆಯಾದರೆ ಟಿವಿಯ ಮುಂದೆ ಸುಮ್ಮನೆ ಕೂರುತ್ತಿದ್ದರು. ಬ್ರೆಡ್ ಕೊಟ್ಟರೆ ಹಸಿವಿಲ್ಲ ಎನ್ನುತ್ತಿದ್ದರು. ಅವನು ಹಾಲು ಹಾಕಿ ಮಾಡಿದ, ಟೂಟಿ ಫ್ರೂಟಿ ಹಾಕಿ ಬನ್ ಮಾಡಿದ... ಊಹೂಂ.

ಗಾಬರಿಯಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬಿಪಿ ನಾರ್ಮಲ್, ಶುಗರ್ ನಾರ್ಮಲ್. ಅಮ್ಮನಿಗೆ ಏನಾಗಿದೆ ಎಂದು ಯಾರಿಗೂ ತಿಳಿಯಲಿಲ್ಲ.

ಒಂದು ಸಂಜೆ ಹಿಟ್ಟು ಓವನ್ನಿನೊಳಗೆ ಇರುವಾಗಲೇ ಕರೆಂಟ್ ಹೋಯಿತು. ಮನೆಗೆ ನೆಂಟರು ಬರುವವರಿದ್ದರು. ಬೇರೆ ದಾರಿಯಿಲ್ಲದೆ ಯತೀಶ ಬೇಕರಿಗೆ ಹೊರಟ.

ಹೊಸ ಬ್ರೆಡ್ ಇನ್ನೂ ಒಲೆಯಲ್ಲಿತ್ತು, ಸ್ವಲ್ಪ ಕಾಯಬೇಕಿತ್ತು. ಹೊರಗಿನ ಬೆಂಚಿನ ಮೇಲೆ ವಯಸ್ಸಾದ ಹೆಂಗಸರು ಮೂವರು ಚೀಲ ಹಿಡಿದುಕೊಂಡು, ಜೋರಾಗಿ ನಗುತ್ತಾ ಕುಳಿತಿದ್ದರು. ನಡುವೆ ಒಂದು ಜಾಗ ಖಾಲಿ ಇತ್ತು.

ಅವನು ಕೂರಲು ಹೋದ. ಒಬ್ಬರು ಕೈ ಅಡ್ಡ ಇಟ್ಟರು.

"ಅಲ್ಲಿ ಬೇಡ ಕಣಪ್ಪ... ಅದು ಸಿದ್ದಗಂಗಮ್ಮನ ಜಾಗ."

ಯತೀಶ ತಾನು ಯಾರೆಂದು ಹೇಳಲಿಲ್ಲ. ಅವರು ದಿನಾ ಬರುತ್ತಾರಾ ಎಂದಷ್ಟೇ ಕೇಳಿದ.

ಬರ್ತಿದ್ದಳು, ಈಗ ಮಗ ಮನೆಯಲ್ಲೇ ಬ್ರೆಡ್ ಮಾಡುತ್ತಾನಂತೆ, ಒಳ್ಳೆಯ ಹುಡುಗನಂತೆ ಎಂದರು ಅವರು. ಆದರೂ ಎಂದಾದರೂ ಬಂದಾಳು ಎಂದು ಜಾಗ ಹಿಡಿದಿಟ್ಟಿದ್ದಾರಂತೆ...

ಅಷ್ಟರಲ್ಲಿ ಬ್ರೆಡ್ ಬಂತು. ಬೇಕರಿಯ ಶೇಷಾದ್ರಿ ಬಿಸಿ ಬಿಸಿ ಬ್ರೆಡ್ಡಿನ ತುದಿಗಳನ್ನು ಕತ್ತರಿಸಿ, ಬೆಣ್ಣೆ ಸವರಿ ಮೂವರಿಗೂ ಕೊಟ್ಟ. ಅದು ಅಲ್ಲಿಯ ವಾಡಿಕೆ.

ಯತೀಶ ಬ್ರೆಡ್ ತಂದು ಅಮ್ಮನ ಪಕ್ಕ ಕುಳಿತ. ಬ್ರೆಡ್ ಬೇಡದಿದ್ದರೂ ಸುಮ್ಮನೆ ಹೋಗಿ ಅವರ ಜೊತೆ ಕೂತು ಬರಬಹುದಿತ್ತಲ್ಲ ಎಂದು ಕೇಳಿದ.

ಸಿದ್ದಗಂಗಮ್ಮನವರು ಅಡುಗೆಮನೆಯ ಮೊಳೆಯ ಕಡೆ ನೋಡಿದರು.

"ಸುಮ್ನೆ ಹೋಗ್ಬರ್ತೀನಿ ಅಂತ ಹೊರಡೋದು ನಂಗೆ ಅಭ್ಯಾಸ ಇಲ್ಲ ಕಣೋ... ಈ ಮನೆಗೆ ಬಂದಾಗಿಂದ ಕೈಯಲ್ಲಿ ಬಿಂದಿಗೆನೋ ಚೀಲನೋ ಇದ್ರೇನೇ ಹೊಸಿಲು ದಾಟಿದ್ದು. ಕೆಲಸ ಇಲ್ದೆ ಎಲ್ಲಿಗೆ ಅಂತ ಹೋಗ್ಲಿ?"

ಯತೀಶನ ಕಣ್ಣು ತುಂಬಿ ಬಂತು. ಅಮ್ಮನ ಕಾಲಿಗೆ ಆರಾಮ ಕೊಟ್ಟೆ ಎಂದುಕೊಂಡಿದ್ದ. ಅಮ್ಮನಿಗೆ ಇಡೀ ದಿನದಲ್ಲಿ ತನ್ನದು ಅಂತ ಇದ್ದ ಒಂದೇ ಒಂದು ಗಂಟೆಯನ್ನು ಕಿತ್ತುಕೊಂಡಿದ್ದ.

ಮರುದಿನ ಸಂಜೆ ಅವನು ಅಂಗಡಿಯಿಂದ ಬೇಗ ಬಂದ. ಮೊಳೆಯಲ್ಲಿದ್ದ ಚೀಲ ತೆಗೆದು, ಧೂಳು ಕೊಡವಿ ಅಮ್ಮನ ಕೈಗೆ ಕೊಟ್ಟ.

"ಅಮ್ಮ, ಮನೇಲಿ ಬ್ರೆಡ್ ಇಲ್ಲ. ತಗೊಂಡು ಬರ್ತೀಯಾ?"

ಸಿದ್ದಗಂಗಮ್ಮನವರು ಮಂಡಿ ನೋವನ್ನೂ ಮರೆತು ಸೀರೆಯ ನೆರಿಗೆ ಸರಿಮಾಡಿಕೊಂಡರು.

ಓವನ್ ಏನಾಯಿತು ಅಂತೀರಾ? ಅದೂ ಇದೆ. ಭಾನುವಾರ ಯತೀಶ ಮಾಡಿದ ಬ್ರೆಡ್ ಅದೇ ಚೀಲದಲ್ಲಿ ಬೇಕರಿಯ ಬೆಂಚಿಗೆ ಹೋಗುತ್ತದೆ.

ಮೊದಲ ಭಾನುವಾರ ಅದರ ರುಚಿ ನೋಡಿದ ಶೇಷಾದ್ರಿ, "ನಿಮ್ಮ ಮಗ ಪೇಂಟ್ ಅಂಗಡಿನೇ ನೋಡ್ಕೊಳ್ಳಲಿ ಬಿಡಿ ಅಮ್ಮ," ಎಂದನಂತೆ. ಅದನ್ನು ಮನೆಗೆ ಬಂದು ಹೇಳುವಷ್ಟರಲ್ಲಿ ಸಿದ್ದಗಂಗಮ್ಮನವರು ನಕ್ಕು ನಕ್ಕು ಗೋಡೆ ಹಿಡಿದುಕೊಂಡಿದ್ದರು.

ಯತೀಶನೂ ನಕ್ಕ. ಅರ್ಧಕ್ಕರ್ಧ ಉಳಿತಾಯದ ಲೆಕ್ಕವನ್ನು ಅವನು ಮತ್ತೆ ಹಾಕಲಿಲ್ಲ.

ಹಿರಿಯರ ಕೈಯಿಂದ ಒಂದು ಕೆಲಸ ತೆಗೆಯುವ ಮೊದಲು, ಅದರ ಜೊತೆ ಅವರ ಯಾವ ಸಂತೋಷ ಹೋಗುತ್ತದೆ ಎಂದು ನೋಡಿ.

ನಿಮ್ಮ ಮನೆಯಲ್ಲೂ "ಆರಾಮಾಗಿರಿ" ಎಂದು ಯಾರನ್ನೋ ಕೂರಿಸಿದ್ದೀರಲ್ಲ... ಅವರ ಚೀಲ ಈಗ ಯಾವ ಮೊಳೆಯಲ್ಲಿ ನೇತಾಡುತ್ತಿದೆ?