ಯಾರೂ ಕೇಳದ ಕಾಲೇಜು

ಅದು ಜೂನ್ ಅಲ್ಲ, ಸೆಪ್ಟೆಂಬರ್ ಅಂತ ನನ್ನನ್ನು ತಿದ್ದೋಕೆ ಬರಬೇಡಿ. ಉದುರಿರುವುದು ನನ್ನ ಹಲ್ಲು, ನೆನಪಲ್ಲ. ಡೆರಿಕ್ ಹೋಲ್ರಾಯ್ಡ್ ತನ್ನ ಮಗಳು ಟಿಲ್ಡಾಳನ್ನು ಕರೆದುಕೊಂಡು, ಅರ್ಜಿ ಹಾಕಲಿರುವವರಿಗೆಂದು ಬಾಗಿಲು ತೆರೆದಿಡುವ ದಿನ, ವಿಶ್ವವಿದ್ಯಾಲಯ ನೋಡಲು ಹೋದದ್ದು ಜೂನ್‌ನಲ್ಲೇ. ಅವನ ಬಾಯಿಂದಲೇ ಕೇಳಿದ್ದೇನೆ, ಬಿಯರಿನ ಖರ್ಚು ನನ್ನದು. ಸುಮ್ಮನೆ ಕೇಳಿ.

ಮಧ್ಯಾಹ್ನ, ಇನ್ನೂ ತೆರೆಯದ ಕಾಲೇಜಿನ ಬಾಗಿಲಿಗೆ ಬಂದು ನೋಡಿದರೆ ಸಾಲು ಬೀದಿಯ ತಿರುವು ದಾಟಿತ್ತು. ಡೆರಿಕ್ ತಲೆ ಎಣಿಸತೊಡಗಿದ.

"ಇಲ್ಲಿಗ್ಯಾರೂ ಬರಲ್ಲ ಅಂದಿದ್ದೆ?" ಎಂದಳು ಟಿಲ್ಡಾ.

"ಹೋದ್ ವರ್ಷ ಬಂದಿರ್ಲಿಲ್ಲ ಕಣೇ!"

ಹೋದ ವರ್ಷ ಯಾರೂ ಬಂದಿರಲಿಲ್ಲ ಎನ್ನುವುದನ್ನು ದೇಶದ ಅಪ್ಪಂದಿರೆಲ್ಲ ಪತ್ರಿಕೆಯಲ್ಲಿ ಓದಿಕೊಂಡೇ ಬಂದಿದ್ದರು. ಆ ವಿಶ್ವವಿದ್ಯಾಲಯದ ಹೊಟ್ಟೆಯೊಳಗೆ ಮೂವತ್ತಕ್ಕೂ ಮಿಕ್ಕಿ ಕಾಲೇಜುಗಳಿವೆ. ಪಾಠ ಒಂದೇ, ಪರೀಕ್ಷೆ ಒಂದೇ, ಕೊನೆಗೆ ಕೊಡುವ ಪದವಿಯೂ ಒಂದೇ. ಉಣ್ಣುವ ಮೇಜು, ಮಲಗುವ ಮಂಚ, ವಾರಕ್ಕೊಮ್ಮೆ ಎದುರು ಕೂರಿಸಿಕೊಂಡು ಕಿವಿ ಹಿಂಡುವ ಮೇಷ್ಟ್ರು, ಇಷ್ಟು ಮಾತ್ರ ಬೇರೆ. ಅಷ್ಟಕ್ಕೇ ನಮ್ಮ ಜನ ಮದುವೆಗೆ ಜಾತಕ ಕೂಡಿಸಿದ ಹಾಗೆ ಕೂಡಿಸಿ ಕಳೆಯುತ್ತಾರೆ. ಯಾಕೆಂದರೆ ಅರ್ಜಿಯಲ್ಲಿ ಬರೆಯಬೇಕಾದ್ದು ಒಂದೇ ಒಂದು ಕಾಲೇಜಿನ ಹೆಸರು. ಅವರು ಒಲ್ಲೆ ಅಂದರೆ ಹುಡುಗಿ ಮನೆಗೆ.

ಬೆಳಿಗ್ಗೆ ನದಿಯಂಚಿನ ಹಳೇ ಕಾಲೇಜೊಂದನ್ನು ನೋಡಿದ ಟಿಲ್ಡಾ, ಅಲ್ಲಿಯ ಹುಡುಗಿಯರ ಜೊತೆ ಅರ್ಧ ಗಂಟೆ ಹರಟಿ, "ಅಪ್ಪಾ, ನಂಗಿದೇ ಬೇಕು" ಅಂದಿದ್ದಳು. ಡೆರಿಕ್ ಉರಿದುಬಿದ್ದಿದ್ದ. ಅವಳ ವಯಸ್ಸಿನಲ್ಲಿ ಅವನೂ ಅಲ್ಲಿಗೇ ಅರ್ಜಿ ಹಾಕಿ, ಮುಖಕ್ಕೆ ಬಾಗಿಲು ಬಡಿಸಿಕೊಂಡು, ಅಂದಿನಿಂದ ಹ್ಯಾಲಿಫ್ಯಾಕ್ಸ್‌ನಲ್ಲಿ ಕಾರ್ಪೆಟ್ ಮಾರುತ್ತಿದ್ದವನು. "ಇಷ್ಟ ಪಟ್ಟು ಕೆಟ್ಟಿದ್ದು ನಾನೊಬ್ಬ ಸಾಕು. ಯಾರಿಗೂ ಬೇಡವಾದ್ದನ್ನ ಕೇಳು, ಸೀಟು ತಾನಾಗೇ ಬಂದು ಮಡಿಲಿಗೆ ಬೀಳುತ್ತೆ" ಎಂದು ಊರಾಚೆಯ ಈ ಕಾಂಕ್ರೀಟು ಡಬ್ಬಕ್ಕೆ ಎಳೆದು ತಂದಿದ್ದ.

ಈಗ ಆ ಡಬ್ಬದ ಮುಂದೆಯೇ ಜಾತ್ರೆ. ಅಷ್ಟರಲ್ಲಿ ಸೋನೆ ಹಿಡಿಯಿತು. ಮುಂದೆ ನಿಂತಿದ್ದ ಮಿಸೆಸ್ ಫೆನ್ವಿಕ್ ಎಂಬ ಹೆಂಗಸು ನಯವಾಗಿ ನಕ್ಕು, ಕೊಡೆಯಲ್ಲಿ ಡೆರಿಕ್‌ಗೂ ಜಾಗ ಕೊಟ್ಟಳು. ಪಕ್ಕದಲ್ಲಿ ಅವಳ ಮಗ ರೂಫಸ್ ಆಕಳಿಸುತ್ತಿದ್ದ.

"ಕಟ್ಟಡ ಎಷ್ಟು ಚೆನ್ನಾಗಿದೆ ಅಲ್ವಾ? ಅದಕ್ಕೇ ಬಂದ್ವಿ" ಎಂದಳು ಮಿಸೆಸ್ ಫೆನ್ವಿಕ್.

"ನಾವೂ ಅದಕ್ಕೇ ಮೇಡಂ. ಆದ್ರೆ ನಿಮ್ಮ ಹುಡುಗ ಸ್ವಲ್ಪ ಸೊರಗಿದಾನೆ, ಅದಕ್ಕೆ ಹೇಳ್ತೀನಿ. ನನ್ನ ತಂಗಿ ಮಗ ಇಲ್ಲೇ ಓದಿದ್ದು. ಗೋಡೆ ಎಲ್ಲಾ ತೇವ. ಕೆಮ್ಮು ಹತ್ಕೊಂಡಿದ್ದು ಇನ್ನೂ ಬಿಟ್ಟಿಲ್ಲ."

ಟಿಲ್ಡಾ ಅವನ ಕಿವಿಯಲ್ಲಿ ಹೇಳಿದಳು. "ಅಪ್ಪಾ, ನಿಂಗೆ ತಂಗೀನೇ ಇಲ್ವಲ್ಲ."

"ಬಾಯ್ಮುಚ್ಚು. ಸೀಟು ಸಿಗೋವರ್ಗೂ ಇದಾಳೆ."

ಮಿಸೆಸ್ ಫೆನ್ವಿಕ್ ಏನು ಕಡಿಮೆಯವಳೇ? "ಅಯ್ಯೋ ಪಾಪ! ಅಡುಗೆಮನೇಲಿ ಇಲಿ ಅಂತ ನಾವೂ ಕೇಳಿದ್ವಿ. ನಮ್ಮ ರೂಫಸ್‌ಗೆ ಇಲಿ ಅಂದ್ರೆ ಪ್ರೀತಿ, ನಡೆಯುತ್ತೆ. ನಿಮ್ಮ ಮಗಳ ಗತಿ?"

"ಅವ್ಳು ಹಾವು ಸಾಕಿದೋಳು. ಅಂದಂಗೆ, ಮೇಷ್ಟ್ರುಗಳಲ್ಲಿ ಇಬ್ರು ಮಾತೇ ಆಡಲ್ವಂತೆ, ಗೊತ್ತಾ?"

ತೇವ, ಇಲಿ, ಮೂಗ ಮೇಷ್ಟ್ರು, ಎಲ್ಲವೂ ಸಾಲಿನುದ್ದಕ್ಕೂ ಬಾಯಿಂದ ಬಾಯಿಗೆ ಹೋದವು. ಹೋಗುತ್ತ ಹೋಗುತ್ತ ಇಲಿ ಹೆಗ್ಗಣವಾಯಿತು, ಕೆಮ್ಮು ಕ್ಷಯವಾಯಿತು. ಒಬ್ಬ ಅಪ್ಪನಿಗೆ ಕಾರು ನಿಲ್ಲಿಸಿದ ಜಾಗದ ನೆನಪಾಯಿತು. ಇನ್ನೊಬ್ಬನಿಗೆ ಹಸಿವಾಯಿತು. "ನಾವೇನೂ ಗಟ್ಟಿ ಮನಸ್ಸು ಮಾಡಿರ್ಲಿಲ್ಲ ಬಿಡಿ" ಎಂದು ಒಬ್ಬೊಬ್ಬರೇ ಜಾರತೊಡಗಿದರು.

ಟಿಲ್ಡಾ ರೂಫಸ್‌ನನ್ನು ಕೇಳಿದಳು. "ನಿಂಗಿದು ಇಷ್ಟಾನಾ?"

"ಇದರ ಹೆಸರು ಕೇಳಿದ್ದೇ ಇವತ್ತು. ನಿಂಗೆ?"

"ನಂಗೆ ನದಿ ಹತ್ರ ಇರೋದು" ಎಂದವಳು ಅಪ್ಪನ ತೋಳು ಜಗ್ಗಿದಳು. "ಅಪ್ಪಾ, ನಾನಲ್ಲಿಗೇ ಹೋಗ್ತೀನಿ. ಅರ್ಜೀಲೂ ಅದನ್ನೇ ಬರೀತೀನಿ. ಆಯ್ತಾ?"

ಡೆರಿಕ್ ಆಗ ಕಾಲೇಜಿನ ಸೂರು ಸೋರಿಸುವುದರಲ್ಲಿ ಮುಳುಗಿದ್ದ. "ಹೂಂ ಹೂಂ, ಬರಿ."

"ಆಮೇಲೆ ಇಲ್ಲ ಅನ್ನಬಾರ್ದು."

"ಆಯ್ತು ಮಾರಾಯ್ತಿ, ಆಯ್ತು! ಇಲ್ಲೊಂದು ಮಾತಾಡ್ತಿದೀನಿ ಕಾಣಲ್ವಾ?"

ಇಬ್ಬರೂ ಮಕ್ಕಳು ಮಳೆಯಲ್ಲೇ ನದಿಯ ಕಡೆಗೆ ಓಡಿದರು. ದೊಡ್ಡವರು ಬಿಟ್ಟುಕೊಡಲಿಲ್ಲ. ಆಕೆ ಸ್ನಾನದ ಮನೆಯಲ್ಲಿ ಪಾಚಿ ಬೆಳೆಸಿದಳು, ಅವನು ಲೈಬ್ರರಿಗೆ ಬೀಗ ಹಾಕಿಸಿದ. ಒಂದೇ ಕೊಡೆಯ ಕೆಳಗೆ, ಮುಖದ ನಗು ಮಾಸದಂತೆ, ಹೆಜ್ಜೆ ಹೆಜ್ಜೆಗೂ ಆ ಕಾಲೇಜಿನ ಗೋರಿ ತೋಡುತ್ತ ಬಾಗಿಲು ಮುಟ್ಟಿದರು. ಡೆರಿಕ್ ಹಿಂದೆ ತಿರುಗಿ ನೋಡಿದ. ಬೀದಿ ಖಾಲಿ. ಗೆದ್ದೆ ಎಂದು ಅವನ ಎದೆ ಉಬ್ಬಿತು.

ಒಳಗೆ ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆಗಳು ಮುಟ್ಟುವವರಿಲ್ಲದೆ ಕೂತಿದ್ದವು. ಬರುವವರಿಗಾಗಿ ಬೆಳಗಿನಿಂದ ಕಾದು ಕೂತಿದ್ದ ಕಾಲೇಜಿನ ಮೇಡಂ ದಡಬಡಿಸಿ ಎದ್ದು ಬಂದರು. ನೆಂದು ನಿಂತ ಇಬ್ಬರನ್ನೂ, ಅವರ ಒಂಟಿ ಕೊಡೆಯನ್ನೂ ನೋಡಿದರು. ಅವರ ಮುಖ ಅರಳಿತು.

"ಬನ್ನಿ, ಬನ್ನಿ! ಓದೋಕೆ ವಯಸ್ಸೇನು ಅಡ್ಡಿ? ಗಂಡ ಹೆಂಡತಿಗೆ ಅಂತಾನೇ ನಮ್ಮಲ್ಲಿ ಬೇರೆ ರೂಮುಗಳಿವೆ."

ಇಷ್ಟೇ ಕಥೆ. ಮಕ್ಕಳಿಗೆ ಕಳಿಸಬೇಡಿ, ಅವರಿಗಿದು ಗೊತ್ತಿರುವುದೇ. ಅಪ್ಪಂದಿರಿಗೆ ಕಳಿಸಿ.