ತಾಯಿಯ ಹೆಸರು

ಈರುಳ್ಳಿ ಸೀದ ವಾಸನೆ ಬಂದರೆ ಈಗಲೂ ಮನಸ್ಸು ಫೋರ್ಟ್ ಲೀ ಊರಿನ ನಮ್ಮ ಫ್ಲಾಟಿನ ಆ ಶುಕ್ರವಾರಕ್ಕೆ ಓಡುತ್ತದೆ.

ಅಪ್ಪ ವೆಂಟಿಲೇಟರ್ ಮೇಲಿದ್ದರು. ಆಸ್ಪತ್ರೆಯಿಂದ ಬಂದ ಅಮ್ಮ ಕೋಟನ್ನೂ ಬಿಚ್ಚದೆ ಅಡುಗೆಮನೆಯ ನೆಲದ ಮೇಲೆ ಕುಸಿದಿದ್ದಳು. ದೇವರ ಮುಂದೆ ದೀಪವಿರಲಿಲ್ಲ. "ಇನ್ನು ಯಾರನ್ನೂ ಬೇಡಲ್ಲ, ಸಾಕು," ಎಂದಳು.

ಎದುರು ಫ್ಲಾಟಿನ ಯಹೂದಿ ಅಜ್ಜಿ ರಿವ್ಕಾ ಬಂದು ಅವಳ ಪಕ್ಕದಲ್ಲೇ ಕೂತು, ತಮ್ಮ ಧರ್ಮದ ಪ್ರಾರ್ಥನಾ ಕೀರ್ತನೆಗಳ ಅಂಚು ಸವೆದ ಪುಸ್ತಕ ತೆರೆದರು. "ಇದನ್ನ ಹಾಡಿದವನೂ ನಿನ್ನ ಹಾಗೇ ಸೋತು ಹೋಗಿದ್ದ. ಆದ್ರೂ ಬೇಡೋದು ಬಿಡಲಿಲ್ಲ. ಇವತ್ತು ನಿನ್ನ ಬದಲು ನಾನು ಬೇಡ್ತೀನಿ. ಗಂಡನ ಹೆಸರು ಹೇಳು."

"ರಮೇಶ್, ಗೋಪಾಲರಾವ್ ಮಗ," ಎಂದೆ ನಾನು.

"ತಂದೆ ಹೆಸರಲ್ಲ, ಮಗೂ. ಕಾಯಿಲೆಯವರಿಗೆ ತಾಯಿ ಹೆಸರು ಹೇಳಿ ಬೇಡೋದು ನಮ್ಮ ಪದ್ಧತಿ."

ಅಪ್ಪನ ತಾಯಿ ನನಗೆ ಬರೀ ಅಜ್ಜಿ, ಹೆಸರು ಗೊತ್ತಿರಲಿಲ್ಲ. ಮಗನ ಮದುವೆ ಒಪ್ಪದೆ ನಮ್ಮ ಮನೆಗೆ ಕಾಲಿಡದ ಆ ಅತ್ತೆಯ ಹೆಸರನ್ನು ಅಮ್ಮ ಎಂದೂ ಎತ್ತಿದವಳಲ್ಲ. ಈಗ ಅವಳೇ, "ಪಾರ್ವತಿ," ಎಂದಳು.

ರಿವ್ಕಾ ತೂಗಾಡುತ್ತ ಓದತೊಡಗಿದರು. ಅರ್ಥವಾಗದ ಮಾತುಗಳ ನಡುವೆ ಅಪ್ಪನ ಹೆಸರೂ ಅಜ್ಜಿಯ ಹೆಸರೂ ಒಟ್ಟಿಗೆ ಕೇಳಿಸುತ್ತಿದ್ದವು. ಅಷ್ಟರಲ್ಲಿ ಅವರ ಮನೆಯಿಂದ ಈರುಳ್ಳಿ ಸೀದ ವಾಸನೆ ಬಂತು. ಏಳಲು ಹೋದವರ ತೋಳನ್ನು ಅಮ್ಮ ಗಟ್ಟಿಯಾಗಿ ಹಿಡಿದಳು. "ನಿಲ್ಲಿಸಬೇಡಿ."

ನಾನೇ ಓಡಿ ಸ್ಟೌ ಆರಿಸಿ ಬಂದೆ. ಹೆಸರು ಹೇಳುವ ಕಡೆ ರಿವ್ಕಾ ಈಗ ಸುಮ್ಮನಾಗುತ್ತಿದ್ದರು. ಅಲ್ಲಿ ಅಮ್ಮನೇ ಹೇಳುತ್ತಿದ್ದಳು: "ಪಾರ್ವತಮ್ಮನ ಮಗ. ಪಾರ್ವತಮ್ಮನ ಮಗ."