ಹೊರಗಿನ ಸಾಲು

"ನಿನ್ನ ಹೆಸರಿನ ಮುಂದೆ ಯಾವ ಪಕ್ಷಾನೂ ಇಲ್ವಲ್ಲ, ಬರ್ನಡೆಟ್. ಇವತ್ತು ನಿಂಗೆ ಓಟಿಲ್ಲ," ಎಂದಳು ಮತಗಟ್ಟೆಯ ಮೇಜಿನ ಹಿಂದೆ ಕೂತಿದ್ದ ಡಾಟ್.

ಶಾಲೆಯ ಬಸ್ಸು ಓಡಿಸುವ ಬರ್ನಡೆಟ್‌ಗೆ ಈ ಮಾತು ಹೊಸದಲ್ಲ. ಪಕ್ಷಗಳು ತಮ್ಮ ತಮ್ಮ ಹುರಿಯಾಳನ್ನು ಆರಿಸುವ ಮೇ ತಿಂಗಳ ಚುನಾವಣೆಯಲ್ಲಿ, ಪೆನ್ಸಿಲ್ವೇನಿಯಾದ ಆ ಊರಿನಲ್ಲಿ, ಪಕ್ಷ ಸೇರದವರಿಗೆ ಜಾಗವಿರಲಿಲ್ಲ. ಮೇ ತಿಂಗಳಲ್ಲಿ ಗೆದ್ದವರೇ ಬಹುಪಾಲು ನವೆಂಬರಿನ ಅಂತಿಮ ಚುನಾವಣೆಯಲ್ಲೂ ಗೆಲ್ಲುವುದು. ಪ್ರತಿ ಸಲವೂ ಅವಳು ಹಲ್ಲು ಕಚ್ಚಿಕೊಂಡು ಮನೆಗೆ ಹೋಗುತ್ತಿದ್ದಳು. ಈ ಸಲ ಹೋಗಲಿಲ್ಲ. ಹೊರಗೆ ಹುಲ್ಲಿನ ಮೇಲೆ ಪಕ್ಕದ ಮನೆಯ ಓಟಿಸ್ ಮೇಜು ಹಾಕಿಕೊಂಡು ಕಾಯುತ್ತಿದ್ದ. ಮೇಜಿನ ಮೇಲೆ ಕಾಫಿ, ಡೋನಟ್, ಜೊತೆಗೆ ಪಕ್ಷವಿಲ್ಲದವರಿಗೂ ಮೇ ಚುನಾವಣೆಯಲ್ಲಿ ಮತದ ಹಕ್ಕು ಕೊಡಿ ಎಂಬ ಮನವಿ.

"ಯಾರೂ ಬರಲ್ಲ ನೋಡ್ತಿರು. ಇಷ್ಟೂ ಡೋನಟ್ ನಾವಿಬ್ರೇ ತಿನ್ಬೇಕು," ಎಂದ ಓಟಿಸ್.

"ತಿನ್ನೋಣ ಬಿಡು."

ಮೊದಲು ಬಂದವಳು ಸೈನ್ಯದಿಂದ ಮರಳಿದ್ದ ಟೆರೀಸಾ. ಒಳಗಿನಿಂದ ವಾಪಸ್ ಕಳಿಸಿದ್ದರಿಂದ ಮುಖ ಕೆಂಪಾಗಿತ್ತು. "ಯುದ್ಧಕ್ಕೆ ಕಳಿಸೋವಾಗ ಯಾರೂ ನನ್ನ ಪಕ್ಷ ಕೇಳ್ಲಿಲ್ಲ," ಎನ್ನುತ್ತಲೇ ರುಜು ಹಾಕಿದಳು. ಆಮೇಲೆ ಗಂಡನಿಗೆ ಫೋನ್ ಮಾಡಿದಳು. "ಬೇಗ ಬಾ, ನಿಮ್ಮಮ್ಮನ್ನೂ ಕರ್ಕೊಂಡು ಬಾ. ಪಕ್ಷ ಇಲ್ದೋರು ನಾವಷ್ಟೇ ಅಲ್ವಂತೆ."

ಮಧ್ಯಾಹ್ನದ ಹೊತ್ತಿಗೆ ಹುಲ್ಲಿನ ಮೇಲಿನ ಸಾಲು ರಸ್ತೆಗೆ ಇಳಿದಿತ್ತು. ಪಿಜ್ಜಾ ಅಂಗಡಿಯವನು ಬಂದ, ದಾದಿಯರು ಬಂದರು, ಒಳಗೆ ಮತ ಹಾಕಿದವರೂ ಕೆಲವರು ಬಂದು ನಿಂತರು. ಡೋನಟ್ ಯಾವಾಗಲೋ ಖಾಲಿ. ಬರ್ನಡೆಟ್ ಎದ್ದು ನಿಂತು ಸಾಲಿನ ಕೊನೆ ಎಲ್ಲಿದೆಯೆಂದು ಹುಡುಕಿದಳು.

"ಇಷ್ಟು ಜನ ಇಷ್ಟು ವರ್ಷ ಎಲ್ಲಿದ್ರೋ?"

"ನಿನ್ನ ಹಾಗೇ. ಮನೆಗೆ ಹೋಗಿ ಬಾಗಿಲು ಹಾಕ್ಕೊಂಡಿದ್ರು," ಎಂದ ಓಟಿಸ್.

ಅಷ್ಟರಲ್ಲಿ ಸಾಲಿನವರೆಲ್ಲ ಸರಕ್ಕನೆ ಒಂದೇ ಕಡೆ ತಿರುಗಿದರು. ಊರಿನ ಡೆಮಾಕ್ರಟ್ ಮುಖಂಡ ಫ್ರ್ಯಾಂಕ್, ರಿಪಬ್ಲಿಕನ್ ಮುಖಂಡ ಗಾರ್ಡನ್, ಇಬ್ಬರೂ ಹುಲ್ಲು ದಾಟಿ ಬರುತ್ತಿದ್ದರು. ಎಣ್ಣೆ ಸೀಗೆಕಾಯಿ ಸಂಬಂಧ ಅವರದು. ಸಾವಿನ ಮನೆಯಲ್ಲೂ ಒಬ್ಬ ಹೊರಟ ಮೇಲೇ ಇನ್ನೊಬ್ಬ ಒಳಗೆ ಕಾಲಿಡುತ್ತಿದ್ದದ್ದು. ಇವತ್ತು ಹೆಗಲಿಗೆ ಹೆಗಲು ತಾಗಿಸಿ ನಡೆಯುತ್ತಿದ್ದರು.

"ನೋಡಮ್ಮ ಬರ್ನಡೆಟ್, ಈ ಮೇಜು ಎತ್ಬಿಡು. ಜನಕ್ಕೆ ಗೊಂದಲ ಆಗುತ್ತೆ," ಎಂದ ಫ್ರ್ಯಾಂಕ್.

"ಫ್ರ್ಯಾಂಕ್ ಹೇಳೋದು ಸರಿಯಾಗೇ ಇದೆ," ಎಂದ ಗಾರ್ಡನ್.

ಬರ್ನಡೆಟ್ ಇಬ್ಬರನ್ನೂ ದಿಟ್ಟಿಸಿದಳು. ಆಮೇಲೆ ಸಾಲಿನವರಿಗೆಲ್ಲ ಕೇಳುವಂತೆ ಹೇಳಿದಳು:

"ನೋಡಿದ್ಯಾ ಓಟಿಸ್, ಇವರಿಬ್ರನ್ನೇ ಒಂದು ಮಾಡಿದ್ವಿ. ಇನ್ನು ಊರು ಯಾವ ಮಹಾ?"